ಕುರುಗೋಡು ಬಸ್ ನಿಲ್ದಾಣದ ಜಪಾನಿ ಜೋಡಿ

ಯಾರು ಹೇಳಿದ್ದು ನನಗೆ ಮರೆವು ಬಂದಿದೆ ಎಂದು? ಹುಲುಗಮ್ಮನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದಿದ್ದಾರಂತೆ, ‘ಉಜ್ಜಿನಪ್ಪ ತಾತಗ ವಯಸ್ಸಾತು, ಕಥಿ ಹೇಳ್ತಾ ಹೇಳ್ತಾ ಹುಡುಗ ಹುಡುಗಿನ್ನೇ ಮರ್ತುಬಿಟ್ಟಾರ’ ಅಂತ. ಕಿವಿ ತೆರೆದು ಕೇಳಿ, ತಲೆಹರಟೆಗಳೇ. ನನಗೆ ಎಪ್ಪತ್ನಾಲ್ಕು. ಮೂವತ್ತು ವರ್ಷ ದೊಡ್ಡಾಟದ ಮೇಳದಲ್ಲಿ ಸಾರಥಿಯಾಗಿ ನಿಂತವನು ನಾನು. ಪುಸ್ತಕ ಮುಟ್ಟದೆ ನಾಲ್ಕು ಆಟ ಪೂರ್ತಿ ಹೇಳುತ್ತೇನೆ. ನಿಮಗೆ ನಿನ್ನೆ ತಿಂದ ಪಲ್ಯ ನೆನಪಿದೆಯೇ?

ಆ ಜೋಡಿಯನ್ನು ನಾನು ಮರೆತಿಲ್ಲ. ಬೇಕೆಂದೇ ಬದಿಗೆ ಸರಿಸಿದೆ. ಹೆದರಿ ಸರಿಸಿದೆ. ಇಪ್ಪತ್ತೆರಡು ದಿನ ಬಾಗಿಲು ಬಡಿದರೆ ಸಾಕು, ಮೊದಲು ಕಿಟಕಿಯಿಂದ ಇಣುಕಿ ನೋಡುತ್ತಿದ್ದೆ. ಏಕೆ ಎಂದು ಈಗ ಹೇಳಬಹುದು. ಒಪ್ಪಿಗೆ ಕೊಡಬೇಕಾದವಳೇ ‘ಹೇಳ್ರಿ’ ಎಂದಿದ್ದಾಳೆ.

ಮೊದಲಿನಿಂದ ಹೇಳುತ್ತೇನೆ. ನಮ್ಮ ಮೊಮ್ಮಗಳು ಅನಿತಾ, ಪಿಯುಸಿ ಎರಡನೇ ವರ್ಷ. ಅವಳಿಗೆ ಕಾಮಾಲೆಯಾಗಿ ಒಂದು ತಿಂಗಳು ಮಂಚ ಬಿಟ್ಟು ಏಳಬಾರದು ಎಂದರು ಡಾಕ್ಟರು. ಮಗ ಸೊಸೆ ಬೆಳಗಾದರೆ ಕೆಲಸಕ್ಕೆ ಹೋಗುವವರು. ಬಳ್ಳಾರಿಯ ಪಾರ್ವತಿನಗರದ ಮನೆಯಲ್ಲಿ ಅವಳು, ನಾನು, ಒಂದು ಟ್ಯಾಬು. ಅದರಲ್ಲಿ ಅವಳು ಜಪಾನಿನ ಗೊಂಬೆಚಿತ್ರ ನೋಡುತ್ತಿದ್ದಳು. ಕಾರ್ಟೂನ್ ಎಂದರೆ ಸಿಟ್ಟು. ‘ಆನಿಮೆ ಅನ್ನು ತಾತಾ’ ಎನ್ನುವಳು. ಅವರ ಮಾತು ಜಪಾನಿ, ಕೆಳಗೆ ಇಂಗ್ಲಿಷು, ಅದನ್ನು ಓದಿ ಅವಳು ನನಗೆ ಹೇಳುವುದು ನಮ್ಮ ಮಾತು.

ನಗೆಚಾಟಿಕೆಯ ಪ್ರೇಮಕಥೆ. ಒಂದು ಶಾಲೆ. ತರಗತಿಯ ಹೂಕುಂಡಗಳಿಗೆ ನೀರು ಹಾಕುವ ಸರದಿ ಒಬ್ಬ ಹುಡುಗನದು, ಕಪ್ಪುಹಲಗೆ ಒರೆಸುವ ಸರದಿ ಒಬ್ಬಳು ಹುಡುಗಿಯದು. ಇಬ್ಬರಿಗೂ ಮನಸ್ಸು, ಇಬ್ಬರಿಗೂ ಬಾಯಿಲ್ಲ. ಮೂರನೇ ಕಂತಿನಲ್ಲಿ ಹುಡುಗ ಒಂದು ಚೀಟಿ ಬರೆದು ಕಿಸೆಯಲ್ಲಿಟ್ಟುಕೊಂಡ. ನಾನು ಮಂಚದ ತುದಿಗೆ ಬಂದು ಕೂತೆ. ನಾಲ್ಕನೇ ಕಂತು ಶುರುವಾಯಿತು ನೋಡಿ, ಶಾಲೆಯ ಅಡುಗೆಯವಳು ಅಡುಗೆಯ ಪಂದ್ಯಕ್ಕೆ ನಿಂತಳು. ಐದರಲ್ಲಿ ಭೂಗೋಳದ ಮೇಷ್ಟರು ಪಕ್ಕದ ಶಾಲೆಯ ಮೇಷ್ಟರ ಜೊತೆ ಜಗಳಕ್ಕೆ ನಿಂತರು. ಆರು, ಏಳರಲ್ಲಿ ಶಾಲೆಯ ಮೂರು ಕಾಲಿನ ಬೆಕ್ಕು ಕಳೆದುಹೋಯಿತು.

“ಲೇ ಅನಿತಾ, ಚೀಟಿ ಏನಾತು?”

“ಕಿಸೇದಾಗ ಐತಿ ತಾತಾ.”

“ಯಾವಾಗ ಕೊಡ್ತಾನ?”

“ನನಗೇನು ಗೊತ್ತು? ಅವರಿಬ್ಬರನ್ನ ಬಿಟ್ಟು ಊರ ಮಂದಿನೆಲ್ಲ ತೋರ್ಸಾಕ ಹತ್ಯಾರ.”

ಜೋಡಿ ಎಲ್ಲೋ ಹಿಂದಿನ ಕಿಟಕಿಯಲ್ಲಿ ಸಾಸಿವೆ ಕಾಳಿನಷ್ಟು ಕಾಣುವುದು, ಮಾಯವಾಗುವುದು. ನನಗೆ ಮೈ ಉರಿಯಿತು. ಇದೇನು ಕಥೆ ಹೇಳುವ ರೀತಿಯೇ? ರಾಜ ರಾಣಿಯರನ್ನು ಪರದೆ ಹಿಂದೆ ಕೂರಿಸಿ ದೊಡ್ಡಾಟದಲ್ಲಿ ರಾತ್ರಿಯೆಲ್ಲ ದೂತಿಯನ್ನು ಕುಣಿಸಿದರೆ ಜನ ಕಲ್ಲು ಹೊಡೆಯುತ್ತಾರೆ.

ಪಕ್ಕದ ಮನೆಯ ಹುಲುಗಮ್ಮ ಕೌಲ್ ಬಜಾರಿನ ಒಂದು ಜೀನ್ಸ್ ಹೊಲಿಯುವ ಕಡೆ ದಾರ ಕತ್ತರಿಸುವ ಕೆಲಸ ಮಾಡುತ್ತಾಳೆ. ‘ತಾತಾ, ಕೈಗೆ ಕೆಲಸ ಐತಿ, ಕಿವಿಗೆ ಇಲ್ಲ. ದಿನಕ್ಕೊಂದು ಕಥಿ ಫೋನಿನ್ಯಾಗ ಹೇಳಿ ಕಳಸ್ರಿ’ ಎಂದಳು. ಹೀಗೆ ಶುರುವಾಯಿತು ನನ್ನ ವಾಯ್ಸ್ ನೋಟು, ಪ್ರತಿ ಸಲ ಮೊದಲಿಗೆ ನನ್ನ ಹೆಸರು, ಓಣಿ ಹೇಳಿಯೇ. ಅವಳು ಸಿರುಗುಪ್ಪದ ತಂಗಿಗೆ ಕಳಿಸಿದಳು, ತಂಗಿ ಇನ್ನಾರಿಗೋ. ನಾನು ಈ ಜಪಾನಿನ ಕಥೆಯನ್ನೇ ಹಿಡಿದೆ.

ತಪ್ಪು ಮಾಡಿದ್ದು ಇಲ್ಲಿ. ದೊಡ್ಡಾಟದಲ್ಲಿ ಯಾವ ಪಾತ್ರ ರಂಗಕ್ಕೆ ಬಂದರೂ ಸಾರಥಿ ಅಡ್ಡ ನಿಂತು ಕೇಳಬೇಕು: ನೀವು ಯಾರು, ಯಾವ ಊರು, ಯಾರ ಮಕ್ಕಳು? ಅದನ್ನು ಹೇಳದೆ ದೇವೇಂದ್ರನೂ ಒಂದು ಹೆಜ್ಜೆ ಮುಂದೆ ಇಡುವಂತಿಲ್ಲ. ಮೂವತ್ತು ವರ್ಷ ಹಾಗೆ ಕೇಳಿ ಕೇಳಿ, ಊರಿಲ್ಲದ ಪಾತ್ರ ನನ್ನ ಬಾಯಿಂದ ಹೊರಡುವುದೇ ಇಲ್ಲ. ಜಪಾನಿನ ಹುಡುಗಿಯನ್ನೂ ಕೇಳಿಬಿಟ್ಟೆ. ನೀನು ಯಾರವ್ವ? ಶೀಲಾ. ಯಾವೂರು? ಬಾದನಹಟ್ಟಿ. ಯಾರ ಮಗಳು? ಚಿನ್ನಪ್ಪನ ಮಗಳು. ಹುಡುಗ ಸಿರುಗುಪ್ಪದ ಅಕ್ಕಿ ಗಿರಣಿಯವನು ಎಂದೆ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬೆಕ್ಕು ಹುಡುಕುವ ಕಂತು ಬಂದಾಗ, ಈ ಜೋಡಿಗೆ ನಾನಾದರೂ ಏನಾದರೂ ಕೊಡುತ್ತೇನೆ ಎಂದುಕೊಂಡೆ. ಸೋಮವಾರ ಸೋಮವಾರ ನಾನು ಕುರುಗೋಡಿಗೆ ದೊಡ್ಡಬಸವೇಶ್ವರನ ಗುಡಿಗೆ ಹೋಗುವವನು. ಅಲ್ಲಿಯ ಬಸ್ ನಿಲ್ದಾಣದಲ್ಲಿ ನಾಲ್ಕು ಸೋಮವಾರ ಒಂದೇ ನೋಟ ಕಂಡಿದ್ದೆ. ಒಬ್ಬ ಹುಡುಗಿ, ಹಳದಿ ಊಟದ ಚೀಲ, ಗೋಡೆ ಕಡೆಯ ಬೆಂಚು. ಇಪ್ಪತ್ತು ಹೆಜ್ಜೆ ದೂರದ ಬೆಂಚಿನಲ್ಲಿ ಬೆನ್ನು ತಿರುಗಿಸಿ ಒಬ್ಬ ಹುಡುಗ. ಇಬ್ಬರ ಕಿವಿಯಲ್ಲೂ ಫೋನು. ಅವಳು ನಕ್ಕರೆ ಅವನ ಭುಜ ಕುಲುಕುತ್ತಿತ್ತು! ಒಬ್ಬರೊಡನೊಬ್ಬರು ಮಾತಾಡುತ್ತಿದ್ದರು, ಮುಖ ನೋಡದೆ. ಬಾದನಹಟ್ಟಿ ಬಸ್ಸು ಬಂದರೆ ಅವಳು ಹತ್ತುವಳು, ಸಿರುಗುಪ್ಪದ್ದು ಬಂದರೆ ಅವನು. ಇದನ್ನು ಬಣ್ಣ ಹಚ್ಚದೆ ಕಥೆಯೊಳಗೆ ಇಳಿಸಿಬಿಟ್ಟೆ. ಚೀಲದ ಬಣ್ಣ ಸಹಿತ.

ಕೌಲ್ ಬಜಾರಿನಲ್ಲಿ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದರಂತೆ. ನಾನು ಉಬ್ಬಿಹೋದೆ. ಮೂರನೇ ದಿನಕ್ಕೆ ಬಾಗಿಲು ಬಡಿಯಿತು.

ತಡೆಯಿರಿ, ನೀರು ಕುಡಿಯುತ್ತೇನೆ.

ಹೂಂ. ಬಾಗಿಲಲ್ಲಿ ಬಸ್ ನಿಲ್ದಾಣದ ಆ ಹುಡುಗಿ. ಚೀಲ ಇರಲಿಲ್ಲ. ಮುಖ ಸುಣ್ಣದ ಹಾಗಿತ್ತು. ಅವಳನ್ನು ನೀಲಾವತಿ ಎನ್ನೋಣ. ಅದು ಅವಳ ಹೆಸರಲ್ಲ. ಈ ಕಥೆಯಲ್ಲಿ ನನ್ನದು, ಅನಿತಾಳದು, ಹುಲುಗಮ್ಮನದು, ಆಗಲೇ ನನ್ನ ಬಾಯಿಂದ ಜಾರಿಹೋದ ಚಿನ್ನಪ್ಪನದು ಬಿಟ್ಟರೆ ಯಾರದೂ ನಿಜವಾದ ಹೆಸರಲ್ಲ, ಹುಡುಕಲು ಹೋಗಬೇಡಿ. ಬುದ್ಧಿ ಬಂದಿದೆ ನನಗೆ.

“ತಾತಾ, ನಿಮ್ಮ ಕಥ್ಯಾಗಿನ ಶೀಲಾ ನಾನೇ ಅದೀನಿ.”

ನನಗೆ ಕೂರಲು ಮಂಚ ಸಿಗಲಿಲ್ಲ. ಅವಳೇ ಕೈ ಹಿಡಿದು ಕೂರಿಸಿದಳು.

“ನಮ್ಮಪ್ಪನ ಹೆಸರು ಚಿನ್ನಪ್ಪ. ನಿಮಗ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲವ್ವ. ಬಾಯಿಗೆ ಬಂತು.”

“ನಮ್ಮಣ್ಣ ಕೇಳ್ಯಾನ. ನಮ್ಮ ಕಣದಾಗ ಮೆಣಸಿನಕಾಯಿ ಆರಸೋ ಹೆಣ್ಮಕ್ಕಳು ಫೋನ್ ಹಚ್ಚಿದ್ರು. ಹಳದಿ ಚೀಲ ಅಂದ ಕೂಡ್ಲೆ ನನ್ನ ಕಡೆ ನೋಡಿದ. ಏನೂ ಅನ್ಲಿಲ್ಲ. ಅಂದಿದ್ರ ಚೊಲೊ ಇತ್ತು.”

ಅವಳು ಕುರುಗೋಡಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಕಲಿಯುತ್ತಿದ್ದಳು. ಇನ್ನು ಇಪ್ಪತ್ತೆರಡು ದಿನಕ್ಕೆ ಬಳ್ಳಾರಿಯಲ್ಲಿ ಪರೀಕ್ಷೆ. ಅದು ಮುಗಿದರೆ ಕೈಗೊಂದು ಕೆಲಸ, ಆಮೇಲೆ ಮನೆಯಲ್ಲಿ ತಾನೇ ಬಾಯಿ ಬಿಡುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಅಷ್ಟರೊಳಗೆ ಗೊತ್ತಾದರೆ ಪರೀಕ್ಷೆಯೂ ಇಲ್ಲ, ಏನೂ ಇಲ್ಲ. ಸೋದರಮಾವನಿಗೆ ಕೊಟ್ಟು ಮುಗಿಸುತ್ತಾರೆ. ಆ ಬೆಂಚಿನ ಹುಡುಗ ಪರಶು ಬೇರೆ ಜಾತಿಯವನು. ಅವನ ಕೈಕಾಲು ಮುರಿಯುತ್ತಾರೆ ಎಂಬ ಮಾತು ಅವಳು ಆಡಲಿಲ್ಲ, ಕಣ್ಣಲ್ಲಿ ನೀರು ಬಂತು ಅಷ್ಟೆ.

“ಇಪ್ಪತ್ತೆರಡು ದಿನ ಬೇಕು ತಾತಾ. ಹಾಲ್ ಟಿಕೆಟ್ ತರ್ತೀನಿ ಅಂತ ಸುಳ್ಳು ಹೇಳಿ ಬಂದೀನಿ.”

“ನಾಳೆಯಿಂದ ಕಥಿ ಬಂದ್ ಮಾಡ್ತೀನವ್ವ.”

ಒಳಗಿನಿಂದ ಅನಿತಾ ಹಳದಿ ಕಣ್ಣು ಉಜ್ಜಿಕೊಳ್ಳುತ್ತ ಬಂದು ನಿಂತಳು. “ಬಂದ್ ಮಾಡಿದ್ರ ಖರೇ ಅಂತ ಗೊತ್ತಾಗತೈತಿ ತಾತಾ. ಆ ಹುಡುಗಿ ಬ್ಯಾರೆ ಊರಾಕಿ ಅಂದ್ರನೂ ಗೊತ್ತಾಗತೈತಿ. ಜಪಾನಿನವರು ಮಾಡಿದಂಗ ಮಾಡು. ಅಡಿಗಿಯಾಕಿನ್ನ ತಗೊಂಡು ಬಾ.”

ನೋಡಿ, ಬೈದಿದ್ದೆನಲ್ಲ, ಆ ಕಸುಬನ್ನೇ ನಾನು ಹಿಡಿಯಬೇಕಾಯಿತು. ಮರುದಿನ ಶೀಲಾ ಬಸ್ಸು ಹತ್ತಿ ಹೋದಳು ಎಂದೆ, ಒಂದೇ ವಾಕ್ಯ. ಅಲ್ಲಿಂದ ಅಡುಗೆಯವಳು. ಅವಳಿಗೆ ದಾಕ್ಷಾಯಣಮ್ಮ ಎಂದು ಹೆಸರಿಟ್ಟೆ, ಊರು ಮಾತ್ರ ಹೇಳಲಿಲ್ಲ, ನಾಲಿಗೆ ಕಚ್ಚಿ ಹಿಡಿದೆ. ಮೆಣಸಿನಕಾಯಿ ಬಜ್ಜಿಯ ಪಂದ್ಯ ಇಟ್ಟೆ. ಮೇಷ್ಟರ ಜಗಳ, ಬೆಕ್ಕಿನ ಹುಡುಕಾಟ, ಒಂದೊಂದಕ್ಕೂ ಎರಡೆರಡು ನೋಟು. ‘ಶೀಲಾ ಎಲ್ಲಿ ತಾತಾ?’ ಎಂದು ಮೊದಮೊದಲು ಕೇಳಿದರು. ಐದನೇ ದಿನಕ್ಕೆ ಹುಲುಗಮ್ಮ ಬಂದು, ‘ದಾಕ್ಷಾಯಣಮ್ಮ ಸೋತ್ರ ನಮ್ಮ ಮಂದಿ ನಿಮ್ಮ ಮನಿ ಮುಂದ ಬಂದು ಕುಂದರ್ತಾರ ನೋಡ್ರಿ’ ಎಂದಳು. ನಾನು ನಗಬೇಕು. ನಗು ಬರಲಿಲ್ಲ. ಕಣ್ಣ ತುಂಬ ಆ ಹುಡುಗಿಯ ಸುಣ್ಣದ ಮುಖ.

ಒಂಬತ್ತನೇ ದಿನ, ಬೆಳಿಗ್ಗೆ ಹನ್ನೊಂದು ಗಂಟೆ. ಮತ್ತೆ ಬಾಗಿಲು.

ಎತ್ತರದ ಹುಡುಗ, ಮೂವತ್ತರ ಒಳಗೆ. ಕೈ ಕೆಂಪಗೆ, ಮೆಣಸಿನಕಾಯಿ ಚೀಲ ಎತ್ತಿದ ಕೈ. ಚಪ್ಪಲಿ ಹೊರಗೆ ಬಿಟ್ಟ, ಕೈ ತೊಳೆಯಲು ನೀರು ಕೇಳಿದ, ತೊಳೆದ. ಇಷ್ಟು ಮರ್ಯಾದೆಯಿಂದ ಬಂದವರನ್ನು ಕಂಡರೆ ನನಗೆ ಭಯ ಹೆಚ್ಚು. ಕೂರುವ ಮೊದಲು ಸೊಂಟದಿಂದ ಚೀಲ ಹೊಲಿಯುವ ದಬ್ಬಣ ತೆಗೆದು ಮೇಜಿನ ಮೇಲಿಟ್ಟ. ಗೇಣುದ್ದದ ದಬ್ಬಣ. ಚುಚ್ಚುತ್ತದೆ ಎಂದು ತೆಗೆದಿಟ್ಟನಷ್ಟೆ. ನನ್ನ ಕಣ್ಣು ಅದರ ಮೇಲಿಂದ ಏಳಲೇ ಇಲ್ಲ.

“ಉಜ್ಜಿನಪ್ಪ ತಾತಾ ಅಂದ್ರ ನೀವೇ ಏನ್ರಿ? ನಾನು ಯರ್ರಿಸ್ವಾಮಿ. ಬಾದನಹಟ್ಟಿ. ಕೋಲ್ಡ್ ಸ್ಟೋರೇಜಿಗೆ ಮಾಲು ತಂದಿದ್ದೆ, ಟ್ರ್ಯಾಕ್ಟರ್ ಸರದ್ಯಾಗ ಐತಿ. ನಿಮ್ಮ ಕಥಿ ಚೆಂದ ಇರ್ತಾವ.”

“ಹೌದಾ ತಮ್ಮಾ.”

“ಆ ಹಳದಿ ಚೀಲದ ಹುಡುಗಿ ಯಾರು?”

“ಕಥ್ಯಾಗ ಹೇಳೀನಲ್ಲಪಾ, ಚಿನ್ನಪ್ಪನ ಮಗಳು.”

“ನಮ್ಮೂರಾಗ ಮೂವರು ಚಿನ್ನಪ್ಪ ಅದಾರ. ಒಬ್ಬನಿಗೆ ಹೆಣ್ಣು ಮಕ್ಕಳೇ ಇಲ್ಲ. ಇನ್ನೊಬ್ಬನ ಮಗಳಿಗೆ ಆರು ವರ್ಷ.” ಅವನು ಕೈ ಒರೆಸಿಕೊಂಡ. “ಮೂರನೇ ಚಿನ್ನಪ್ಪ ನಮ್ಮಪ್ಪ.”

ಮೇಳದಲ್ಲಿ ಒಮ್ಮೆ ಹುಲಿವೇಷದವನ ಬಾಲಕ್ಕೆ ಬೆಂಕಿ ಹತ್ತಿದಾಗಲೂ ನನಗೆ ಮಾತು ನಿಂತಿರಲಿಲ್ಲ. ಅವತ್ತು ಹೇಗೋ ತೊದಲಿದೆ.

“ಅದು ಜಪಾನಿನ ಕಥಿ ತಮ್ಮಾ. ನಮ್ಮ ಮೊಮ್ಮಗಳು ನೋಡ್ತಾಳ.”

“ಜಪಾನಿನ್ಯಾಗ ಕುರುಗೋಡು ಬಸ್ ಸ್ಟ್ಯಾಂಡ್ ಐತೇನ್ರಿ?”

ಅವನು ಮುಂದುವರಿಸಿದ. “ಒಂದು ವಾರದಿಂದ ಆ ಜೋಡಿನ್ನ ಬಿಟ್ಟು ಬಜ್ಜಿ ಕರಿಯಾಕ ಹತ್ತೀರಿ. ಯಾಕ ಬಿಟ್ರಿ? ಯಾರಾರ ಬಂದು ಬಿಡು ಅಂದ್ರಾ?”

ನಾನು ಏಳಲು ಹೋದೆ, ಮೊಣಕಾಲು ಮೇಜಿಗೆ ತಗಲಿತು, ದಬ್ಬಣ ಉರುಳಿತು. ಅವನು ಅದನ್ನು ಒಂದು ಬೆರಳಿನಿಂದ ತಡೆದ. ಇಬ್ಬರೂ ಅದನ್ನೇ ನೋಡಿದೆವು.

“ಅಣ್ಣಾ, ಅಲ್ಲಿನೂ ಬಿಟ್ಟಾರ.” ಅನಿತಾ. ಟ್ಯಾಬು ಎದೆಗೊತ್ತಿ ನಿಂತಿದ್ದಳು. “ತಾತ ಊರು, ಹೆಸರು, ಬಣ್ಣ ಸೇರಸ್ತಾನ, ದೊಡ್ಡಾಟದ ಚಟ. ಕಥಿ ಅವರದೇ. ನೋಡ್ರಿ ಬೇಕಾದ್ರ.”

“ಬೆಂಚಿನ ಮ್ಯಾಲೆ ಕುಂತು ಫೋನ್ ಮಾಡೋದು ಐತೇನು ಅದ್ರಾಗ?”

ಇರಲಿಲ್ಲ. ನನಗೆ ಗೊತ್ತು, ಅವಳಿಗೆ ಗೊತ್ತು.

“ನಾಕನೇದ್ರಿಂದ ಮುಂದ ಎಲ್ಲೋ ಬರತೈತಿ ಅಣ್ಣಾ. ಯಾವುದ್ರಾಗ ಅಂತ ನೆನಪಿಲ್ಲ. ಹಚ್ಚಲಾ?”

“ಹಚ್ಚು.”

ಮೊದಲನೆಯದರಲ್ಲಿ ಜೋಡಿಯ ಮುಖ ಒಂದು ನಿಮಿಷ ತೋರಿಸಿದಳು. ಆಮೇಲೆ ನಾಲ್ಕನೆಯದು. ಅಡುಗೆಯವಳು ಬಂದಳು. ಯರ್ರಿಸ್ವಾಮಿ ಕಣ್ಣು ಮಿಟುಕಿಸದೆ ಕೂತ. ನಾನು ಅವನನ್ನು ನೋಡುತ್ತ ಕೂತೆ. ಪಂದ್ಯ ಮುಗಿಯಿತು.

“ಎಲ್ಲಿ ಅವರು?”

“ಮುಂದಿಂದು ನೋಡೋಣ ಅಣ್ಣಾ.”

ಮೇಷ್ಟರುಗಳು ನಕ್ಷೆ ಹರಿದುಕೊಂಡರು. ಜೋಡಿ ಬರಲಿಲ್ಲ. ಏಳರ ಮುಂದಿನದನ್ನು ನಾನು ನೋಡಿರಲಿಲ್ಲ. ಬಂದುಬಿಟ್ಟರೆ, ಹತ್ತಿರ ಕೂತು ಮುಖ ನೋಡಿ ಮಾತಾಡಿಬಿಟ್ಟರೆ, ನನ್ನ ಬೆಂಚು ಸುಳ್ಳಾಯಿತು. ಬೆಂಚು ಸುಳ್ಳಾದರೆ ಅದು ಕುರುಗೋಡಿನದೇ ಎಂದು ಅವನಿಗೆ ಖಾತ್ರಿ. ಯಾವ ಜೋಡಿಗಾಗಿ ಒಂದು ತಿಂಗಳು ಬಾಯಿ ಬಡಿದುಕೊಂಡಿದ್ದೆನೋ, ಆ ಜೋಡಿ ಬರಬೇಡಪ್ಪ ಎಂದು ದೊಡ್ಡಬಸವನಿಗೆ ಹರಕೆ ಹೊತ್ತೆ.

ಬೆಕ್ಕು ಕಳೆದುಹೋಯಿತು. ಯರ್ರಿಸ್ವಾಮಿಯ ಫೋನು ಬಂತು, ಟ್ರ್ಯಾಕ್ಟರಿನವನು. “ಇನ್ನ ಎಷ್ಟು ಗಾಡಿ ಅದಾವ? ಹಂಗಾರ ಬರ್ತೀನಿ ತಡಿ.” ಫೋನಿಟ್ಟು ಬೆಕ್ಕನ್ನೇ ನೋಡಿದ. ಅದು ಮಳೆಯಲ್ಲಿ ಒಂದು ಪೆಟ್ಟಿಗೆಯೊಳಗೆ ನಡುಗುತ್ತಿತ್ತು.

“ಇದಕ್ಕ ಕಾಲು ಹೆಂಗ ಹೋತು?”

“ಸೈಕಲ್ ಹಾಯ್ತಂತ ಅಣ್ಣಾ.”

“ಛೇ. ಸಿಗತೈತಿಲ್ಲೋ?”

“ಮುಂದಿಂದ್ರಾಗ.”

ಮುಂದಿನದನ್ನೂ ನೋಡಿದ. ಬೆಕ್ಕು ಸಿಕ್ಕಿತು. ಅವನ ಭುಜ ಇಳಿದವು, ನನ್ನವೂ ಸ್ವಲ್ಪ ಇಳಿದವು. ಅಷ್ಟರಲ್ಲಿ ಬಂದರು. ಎಂಟನೆಯದರ ಕೊನೆಗೆ, ಬೆಕ್ಕನ್ನು ಎತ್ತಿಕೊಂಡು ಎಲ್ಲರೂ ಕುಣಿಯುತ್ತಿದ್ದಾರೆ, ಹಿಂದೆ ಶಾಲೆಯ ಮಾಳಿಗೆ. ಮಾಳಿಗೆಯ ಈ ತುದಿಗೆ ಹುಡುಗಿ, ಆ ತುದಿಗೆ ಹುಡುಗ. ದೂರ ದೂರ. ಬೆನ್ನು ತಿರುಗಿಸಿ.

ನಾನು ಅನಿತಾಳ ಕಡೆ ನೋಡಿದೆ.

“ಇದೇ ಏನು?” ಅವನು ಮುಂದೆ ಬಾಗಿದ.

“ಇದೇ ಅಣ್ಣಾ.” ಅನಿತಾಳ ಧ್ವನಿ ದಾರದ ಎಳೆಯಷ್ಟಾಗಿತ್ತು. “ಬಸ್ ಬಂತು, ನಾನು ಹೋಗ್ತೀನಿ, ಅಂತಾಳ.”

“ಬಸ್ ಎಲ್ಲೈತಿ?”

“ಕೆಳಗ ಐತಿ. ಕಾಣಂಗಿಲ್ಲ.”

ಆ ತೆರೆಯ ಮೇಲೆ ಹುಡುಗಿ ಬಾಯಿಯನ್ನೇ ಬಿಚ್ಚಿರಲಿಲ್ಲ! ಕುಣಿತ ಮುಂದೆ ಬಂತು, ಮಾಳಿಗೆ ಮುಚ್ಚಿಹೋಯಿತು. ಮತ್ತೆ ಹಿಂದಕ್ಕೆ ಓಡಿಸು ಎಂದನೇ? ಎನ್ನುವವನಿದ್ದ, ಬೆರಳು ಎತ್ತಿದ್ದ. ಫೋನು ಬಂತು. ಅವನ ಗಾಡಿಯ ಸರದಿ ಬಂದಿತ್ತು, ತಪ್ಪಿದರೆ ನಾಳೆಗೆ ಹೋಗುತ್ತಿತ್ತು.

ಎದ್ದ. ದಬ್ಬಣ ಸೊಂಟಕ್ಕೆ ಸಿಕ್ಕಿಸಿಕೊಂಡ. ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ.

“ಆ ಹುಡುಗಿ ಕೈಯಾಗ ಹಳದಿ ಚೀಲ ಇರ್ಲಿಲ್ಲ ತಾತಾ.”

“ಬಣ್ಣ ನಂದಪಾ. ಬರೇ ಹುಡುಗಿ ಅಂದ್ರ ಯಾರು ಕೇಳ್ತಾರ?”

“ಬಾದನಹಟ್ಟಿ ಹೆಸರು ಇನ್ನ ತಗೀಬ್ಯಾಡ್ರಿ.”

ನಂಬಿದನೇ? ಗೊತ್ತಾಗಲಿಲ್ಲ. ಅದೇ ಕೆಟ್ಟದ್ದು. ಮುಂದಿನ ಹದಿಮೂರು ದಿನ ಪ್ರತಿ ಬೈಕಿನ ಸದ್ದಿಗೂ ನಾನು ಕಿಟಕಿಗೆ ಓಡಿದೆ. ಅನಿತಾ ಹುಷಾರಾಗಿ ಕಾಲೇಜಿಗೆ ಹೊರಟಳು, ನಾನು ತೆಳ್ಳಗಾದೆ. ಬಜ್ಜಿ ಪಂದ್ಯವನ್ನು ಎಳೆದೆ, ಎಳೆದೆ. ನಿಮ್ಮಲ್ಲಿ ಕೆಲವರು ಬೈದಿರಿ, ಕೆಲವರು ದಾಕ್ಷಾಯಣಮ್ಮನಿಗಾಗಿ ಅತ್ತಿರಿ. ಎಲ್ಲ ಸರಿ. ಆ ಹುಡುಗಿಯ ಸುದ್ದಿ ಕೇಳಲು ಫೋನು ಮಾಡಲೂ ಹೆದರಿಕೆ, ಫೋನು ಅಣ್ಣನ ಕೈಯಲ್ಲಿದ್ದರೆ?

ಇಪ್ಪತ್ತೆರಡನೇ ದಿನ ಸಂಜೆ ಅವಳೇ ಬಂದಳು. ಪರೀಕ್ಷೆ ಬರೆದು ಕೇಂದ್ರದಿಂದ ನೇರವಾಗಿ. ಬೆರಳಲ್ಲಿ ಇಂಕು. ‘ಬರದೆ ತಾತಾ’ ಎಂದಳು. ನಾನು ಅಳುತ್ತಿದ್ದೆ, ಏಕೆ ಸುಳ್ಳು ಹೇಳಲಿ.

ಆ ವಾರವೇ ಮನೆಯಲ್ಲಿ ಬಾಯಿಬಿಟ್ಟಳು. ತಾಯಿ ಗೋಳಾಡಿದಳು. ಅಣ್ಣ ಎರಡು ದಿನ ಮನೆಯ ಅನ್ನ ಮುಟ್ಟಲಿಲ್ಲ. ಮೂರನೇ ದಿನ ಅವನು ಆಡಿದ ಮೊದಲ ಮಾತು ಇದಂತೆ: ‘ಆ ಮುದುಕ ನನ್ನನ್ನ ಎರಡು ತಾಸು ಬೆಕ್ಕು ಹುಡುಕಾಕ ಕುಂದ್ರಿಸಿದ್ದ.’ ಸೋದರಮಾವನ ಮಾತು ಮುರಿದುಬಿತ್ತು. ಅವಳು ಬಳ್ಳಾರಿಯ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಪರಶುವಿನ ಕೈಕಾಲು ಇದ್ದ ಹಾಗೇ ಇವೆ. ಮದುವೆಯಾಯಿತೇ, ಅಣ್ಣ ಒಪ್ಪಿದನೇ ಎಂದು ಕೇಳಬೇಡಿ. ಅದು ಅವರ ಮನೆಯದು. ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಹಾಗಾದರೆ ಹೆದರಿಕೆ ಹೋಯಿತೇ? ಇಲ್ಲ. ಅದಕ್ಕೇ ಈ ನೋಟು.

ಆ ಬೆಂಚಿನ ನೋಟನ್ನು ನಾನು ಅಳಿಸಿದೆ. ಅಳಿಸಿದರೆ ನನ್ನ ಫೋನಿನಲ್ಲಿ ಹೋಯಿತು, ಊರೂರು ಹೋದದ್ದು ಹೋಗಿಲ್ಲ. ಮೊನ್ನೆ ಹುಲುಗಮ್ಮನ ತಂಗಿ ಸಿರುಗುಪ್ಪದಿಂದ ಹೇಳಿದಳು. ಅವಳ ಓಣಿಯಲ್ಲಿ ಒಬ್ಬ ಅಪ್ಪ ಅದನ್ನು ಕೇಳಿ, ಮಗಳ ಕೈಯ ಹಳದಿ ಚೀಲ ಕಿತ್ತುಕೊಂಡು, ಫೋನು ಕಿತ್ತುಕೊಂಡು, ಕಾಲೇಜು ಬಿಡಿಸಿ ಕೂರಿಸಿದ್ದಾನೆ. ಆ ಮಗುವನ್ನು ನಾನು ಕಂಡೇ ಇಲ್ಲ. ಅವಳು ಕುರುಗೋಡಿಗೆ ಹೋದವಳೂ ಅಲ್ಲ.

ಯಾರಿಗೆ ಕಳಿಸಿದ್ದೀರಿ ಎಂದು ನಿಮಗೆ ನೆನಪಿರಬೇಕು, ನನ್ನ ನೆನಪಿನ ಮಾತು ಆಡುವವರು ನೀವು. ಬೆಂಚಿನ ನೋಟು ಯಾರು ಯಾರಿಗೆ ಹೋಗಿದೆಯೋ ಅವರಿಗೆಲ್ಲ ಇದನ್ನೂ ಕಳಿಸಿ. ಸಿರುಗುಪ್ಪಕ್ಕೆ ಮೊದಲು ಕಳಿಸಿ. ಉದ್ದವಾಯಿತು, ಆಮೇಲೆ ಕೇಳುತ್ತೇನೆ ಎಂದು ಇಟ್ಟುಕೊಳ್ಳಬೇಡಿ. ಆ ಅಪ್ಪನ ಹೆಸರು ಗೊತ್ತಿದ್ದವರು ಅವನ ಮನೆಗೇ ಹೋಗಿ, ಅವನ ಎದುರಿಗೆ ಕೂತು ಕೇಳಿಸಿ. ಈಗಲೇ.